ಖಾಲಿ ಟಾಂಕಿಯ ಅಕ್ಕ

ಕಳೆದ ತಿಂಗಳು ಬೀಜಾಡಿಯ ಅಕ್ಕ ತೀರಿಕೊಂಡರು. ನನಗೆ ಒಡಹುಟ್ಟಿದ ಅಕ್ಕನಲ್ಲ, ನೆಂಟಸ್ತಿಕೆಯೂ ಇಲ್ಲ. ಕುಂದಾಪುರದಲ್ಲಿ ನನ್ನದೊಂದು ಪಂಪು ಮತ್ತು ಪೈಪಿನ ಅಂಗಡಿ. ಅವರು ನನ್ನ ಗಿರಾಕಿ. ಹೆಸರು ಬರೆಯುವುದಿಲ್ಲ. ತಪ್ಪು ವಾಷರ್ ಕೊಟ್ಟೆನೆಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಬೈದ ಹೆಂಗಸು ಅವರು. ಹೆಸರು ಹಾಕಿ ಬರೆದರೆ ಎಲ್ಲಿದ್ದರೂ ಎದ್ದು ಬಂದಾರು.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಹೋಗಿದ್ದೆ. ಪಕ್ಕದ ಎಲೆಯವರು ಸಾರು ಕಲಸುತ್ತಾ ಅಂದರು, "ಅಷ್ಟ್ ಶಿಸ್ತಿನ್ ಹೆಂಗ್ಸ್ ಮಾರಾಯ್ರೆ. ಕಡಿಕ್ ತಾನೇ ಮರ್ತ್ ಮೈಮೇಲ್ ಎಳ್ಕಂಡ್ರ್." ನನಗೆ ಸಿಟ್ಟು ನೆತ್ತಿಗೇರಿತು. ಅವರು ಮರೆಯುವ ಹೆಂಗಸಾಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ನೋಯುವವರು ಈಗ ಯಾರೂ ಉಳಿದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಅಕ್ಕ ಮತ್ತು ಅವರ ಗಂಡ ಮುಂಬಯಿಯಲ್ಲಿ ಊಟದ ಹೋಟೆಲು ನಡೆಸಿದವರು. ಗಲ್ಲಾಪೆಟ್ಟಿಗೆಯ ಮುಂದೆ ಗಂಡ, ಅಡುಗೆಮನೆಯಲ್ಲಿ ಅಕ್ಕ. ಮಕ್ಕಳಿರಲಿಲ್ಲ. ಅರವತ್ತರ ಹೊತ್ತಿಗೆ ಅಕ್ಕನ ಕಿಡ್ನಿ ಎರಡೂ ಕೈಕೊಟ್ಟವು. ಹಾಗಾದವರಿಗೆ ಎರಡು ದಾರಿಯಂತೆ. ಒಂದು, ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಳ್ಳುವುದು. ಇನ್ನೊಂದು, ಹೊಟ್ಟೆಗೆ ಸಣ್ಣದೊಂದು ಟ್ಯೂಬು ಹಾಕಿಸಿಕೊಂಡು, ಮದ್ದಿನ ನೀರನ್ನು ಚೀಲದಿಂದ ಒಳಗೆ ಬಿಟ್ಟು, ಕೆಲವು ಗಂಟೆಯ ಮೇಲೆ ಹೊರಗೆ ಇಳಿಸಿ, ಮತ್ತೆ ಹೊಸತು ತುಂಬುವುದು. ಇದನ್ನು ದಿನಕ್ಕೆ ನಾಲ್ಕು ಸಲ, ಎಲ್ಲಿ ಕೂತಾದರೂ, ನಾವೇ ಮಾಡಿಕೊಳ್ಳಬಹುದು. ಆದರೆ ಟ್ಯೂಬಿನ ಬಾಯಿಗೆ ಕೊಳೆ ಬೆರಳು ತಾಗಿದರೆ ಹೊಟ್ಟೆಯೊಳಗೆ ಕೀವು. ಕೀವು ಬಗ್ಗದಿದ್ದರೆ ಟ್ಯೂಬು ತೆಗೆಯಬೇಕು. ತೆಗೆದರೆ ಯಂತ್ರವೇ ಗತಿ. ಅಕ್ಕ ಟ್ಯೂಬನ್ನೇ ಆರಿಸಿಕೊಂಡರು.

"ಇಷ್ಟ್ ವರ್ಷ ಒಂದೇ ಅಡ್ಗಿಮನಿ ಗ್ವಾಡಿ ಕಂಡಿದೆ ತಮ್ಮ. ಇನ್ ಆಸ್ಪತ್ರಿ ಗ್ವಾಡಿ ಕಾಣುಕೆ ನನ್ನಿಂದ ಆತಿಲ್ಲೆ. ನಂಗೆ ಊರ್ ಕಾಣ್ಕ್" ಎಂದು ಆಮೇಲೊಮ್ಮೆ ನನಗೆ ಹೇಳಿದ್ದರು, ಗೋಡೆ ನೋಡಿ ನೋಡಿ ಸಾಕಾದವರು.

ಊರು ನೋಡಲು ಅವರು ಕೊಂಡದ್ದು ಒಂದು ಹಳೆಯ ಗಾಡಿ. ಸಿನಿಮಾ ಶೂಟಿಂಗಿನಲ್ಲಿ ನಟ ನಟಿಯರು ಬಣ್ಣ ಹಚ್ಚಿಕೊಳ್ಳಲು, ಅಡ್ಡಾಗಲು ಇಟ್ಟುಕೊಳ್ಳುವ ದೊಡ್ಡ ವ್ಯಾನು. ಒಳಗೆ ಹಾಸಿಗೆ, ಸಿಂಕು, ಬಚ್ಚಲು, ಗೀಸರು, ಕೆಳಗೆ ನೀರಿನ ಟಾಂಕಿ, ನೀರೆತ್ತಲು ಸಣ್ಣ ಪಂಪು. ಶೂಟಿಂಗಿಗೆ ಊಟ ಕಳಿಸುತ್ತಿದ್ದ ಪರಿಚಯದಲ್ಲಿ ಸಿಕ್ಕಿತಂತೆ. ಹೋಟೆಲು ಹಾಕುವ ಮೊದಲು ಲಾರಿ ಓಡಿಸಿದ್ದ ಗಂಡ, ಅಂದರೆ ನಾನು ಭಾವ ಎಂದು ಕರೆಯುತ್ತಿದ್ದವರು, ಅದನ್ನು ಮುಂಬಯಿಯಿಂದ ಬೀಜಾಡಿಗೆ ಓಡಿಸಿಕೊಂಡು ಬಂದರು. ಊರವರು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ಕನ್ನಡಿಯ ಸುತ್ತ ಬಲ್ಬು ಹಾಕುತ್ತಿದ್ದ ಕಡೆ ಒಂದು ಕೊಕ್ಕೆ ಬಡಿದು, ಅಕ್ಕ ಅಲ್ಲಿ ತನ್ನ ಮದ್ದಿನ ಚೀಲ ತೂಗುಹಾಕಿದರು.

ಅಂಗಡಿಗೆ ಮೊದಲ ಸಲ ಬಂದಾಗ ನಾನು ಕೊಟ್ಟ ಪೈಪನ್ನು ಮೂಗಿಗೆ ಹಿಡಿದು ಮೂಸಿದರು. "ಇದ್ ಪ್ಲಾಸ್ಟಿಕ್ ನಾತ ಬತ್ತ್. ಬ್ಯಾಡ" ಎಂದರು.

"ಪ್ಲಾಸ್ಟಿಕ್ ಪೈಪಲ್ಲಿ ಮಲ್ಲಿಗಿ ಪರಿಮಳ ಬತ್ತಾ ಅಕ್ಕ?" ಎಂದು ನಾನು ಕೇಳಿದೆ.

"ನೀನ್ ತಮಾಷಿ ಮಾಡ್. ಈ ಪೈಪಿನ್ ನೀರಲ್ ಕೈ ತೊಳ್ದ್ ನನ್ನ ಹೊಟ್ಟಿ ಬಾಗಿಲ್ ತೆಗೂದ್ ನಾನ್. ನಿನ್ನ ಹೊಟ್ಟಿ ಅಲ್ಲ" ಎಂದರು. ಮತ್ತೆ ನಾನು ತಮಾಷೆ ಮಾಡಲಿಲ್ಲ. ಒಳಗಿನಿಂದ ಕುಡಿಯುವ ನೀರಿಗೆಂದೇ ಬರುವ ಪೈಪು ತಂದು ಕೊಟ್ಟೆ.

ಗಾಡಿಯಲ್ಲಿದ್ದ ಪ್ಲಾಸ್ಟಿಕ್ ಟಾಂಕಿಯನ್ನು ಅವರು ಒಂದು ದಿನವೂ ಇಟ್ಟುಕೊಳ್ಳಲಿಲ್ಲ. ಒಳಗೆ ಕೈ ಹೋಗದ ಪಾತ್ರೆಯನ್ನು ತೊಳೆದೆ ಅನ್ನುವವರು ಸುಳ್ಳರು ಎಂಬುದು ಅವರ ಹೋಟೆಲಿನ ಲೆಕ್ಕ. ಬ್ರಹ್ಮಾವರದ ಒಂದು ವರ್ಕ್‌ಶಾಪಿನಲ್ಲಿ ಸ್ಟೀಲಿನ ಟಾಂಕಿ ಮಾಡಿಸಿದರು. ಮೇಲೆ ಬಾಯಿ ಎಷ್ಟು ದೊಡ್ಡದಿರಬೇಕು ಎಂದು ವೆಲ್ಡಿಂಗಿನವನು ಕೇಳಿದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ತೋಳು ನೀಡಿದರು, ಭುಜದ ತನಕ. ಅವನು ಅಳತೆ ತೆಗೆದುಕೊಂಡ. ಟಾಂಕಿ ತಯಾರಾದ ದಿನ ಅದರೊಳಗೆ ಕೈ ಹಾಕಿ ಮೂಲೆ ಮೂಲೆ ಸವರಿ, ಒಂದು ಮೂಲೆಯಲ್ಲಿ ಬೆಸುಗೆ ಒರಟಾಗಿದೆ ಎಂದು ವಾಪಸು ಮಾಡಿದರು. ಭಾವ ನನ್ನ ಕಿವಿಯಲ್ಲಿ, "ನನ್ ಮದಿ ಆಪೂಕೂ ಇಷ್ಟ್ ಕಂಡಿರ್ಲಿಲ್ಲೆ" ಎಂದು ತಮ್ಮ ಮದುವೆ ನೆನೆದು ನಕ್ಕರು.

ಆ ಗಾಡಿಯಲ್ಲಿ ರಾಮೇಶ್ವರಕ್ಕೆ ಹೋದರು, ಪಂಢರಾಪುರಕ್ಕೆ ಹೋದರು, ಕಛ್‌ನಲ್ಲಿ ಬೆಳ್ಳಗಿನ ಉಪ್ಪಿನ ಬಯಲು ನೋಡಿ ಬಂದರು. ಎಲ್ಲಿಂದ ಬಂದರೂ ಮೊದಲ ಕೆಲಸ ಟಾಂಕಿ. ಬ್ಲೀಚಿಂಗ್ ನೀರು ತುಂಬಿಸಿ, ಪ್ರತಿ ನಲ್ಲಿಯಲ್ಲೂ ಅದರ ವಾಸನೆ ಬರುವ ತನಕ ಬಿಟ್ಟು, ಒಂದು ಹಗಲು ನಿಲ್ಲಿಸಿ, ಆಮೇಲೆ ಬಿಸಿನೀರಿನಲ್ಲಿ ತೊಳೆಯುವುದು. ಭಾವನಿಗೆ ಚಹಾ ಸಿಗುವುದು ಅದೆಲ್ಲ ಆದ ಮೇಲೆ.

ಮಳೆಗಾಲ ಬಂತೆಂದರೆ ಇನ್ನೂ ದೊಡ್ಡ ಕೆಲಸ. ದೋಣಿಗಳನ್ನು ದಡಕ್ಕೆ ಎಳೆಯುವ ಹೊತ್ತಿಗೆ ಮನೆಗಾಡಿಯೂ ಚಪ್ಪರದಡಿ ಸೇರುತ್ತಿತ್ತು, ನಾಲ್ಕು ತಿಂಗಳು. ನಿಂತ ನೀರು ನಾಲ್ಕು ತಿಂಗಳಲ್ಲಿ ಏನಾಗುತ್ತದೆಂದು ಈ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಒಂದು ಹನಿಯೂ ಉಳಿಯಬಾರದು. ಟಾಂಕಿಯ ಅಡಿಯ ನಲ್ಲಿ ತೆಗೆದು ಇಳಿಸುವುದು, ಗೀಸರಿನ ಬಿರಡೆ ಬಿಚ್ಚುವುದು, ಪಂಪಿನ ಬಾಯಲ್ಲಿ ಕಸ ತಡೆಯುವ ಜಾಳಿ ಬಿಚ್ಚಿ ಒಣಗಿಸುವುದು, ಮೇಲಿನ ನಲ್ಲಿಗಳನ್ನೆಲ್ಲ ತೆರೆದಿಟ್ಟು ಟಯರಿಗೆ ಗಾಳಿ ಹಾಕುವ ಕಂಪ್ರೆಸರಿನಿಂದ ಒಂದೊಂದೇ ಪೈಪಿಗೆ ಗಾಳಿ ಹೊಡೆಯುವುದು. ಗಾಳಿ ಹೊಡೆಯಲು ವರ್ಷವೂ ನಾನೇ ಹೋಗುತ್ತಿದ್ದೆ. ಅವರು ಸ್ಪ್ಯಾನರಿನಿಂದ ಪೈಪು ತಟ್ಟಿ ಕಿವಿಗೊಟ್ಟು, "ಇಲ್ ಇನ್ನೂ ಇತ್ತ್. ಹೊಡಿ" ಎನ್ನುವರು. ಹೊರಗಿನಿಂದ ಟಾಂಕಿಗೆ ನೀರು ತುಂಬಿಸುವ ದಪ್ಪ ಪೈಪು ಒಂದಿದೆ, ಗಾಡಿಯ ಬದಿಯಲ್ಲಿ ಅದರ ಮುಚ್ಚಳ. ಆ ಪೈಪು ನಡುವೆ ಸ್ವಲ್ಪ ಜೋತುಬಿದ್ದಿತ್ತು. ಅದಕ್ಕೆ ಎರಡೆರಡು ಸಲ ಗಾಳಿ ಹೊಡೆಸುತ್ತಿದ್ದರು.

ಈ ಖಾಲಿ ಮಾಡುವ ಕೆಲಸ ಭಾವನಿಗೆ ಸರಿಬರುತ್ತಿರಲಿಲ್ಲ. ನಮ್ಮಲ್ಲಿ ಮನೆಗೆ ಬೀಗ ಹಾಕಿ ನಾಲ್ಕು ದಿನ ಹೋಗುವುದಿದ್ದರೂ ಅಡುಗೆಮನೆಯಲ್ಲಿ ಒಂದು ಕೊಡಪಾನ ನೀರು ತುಂಬಿಸಿಟ್ಟೇ ಹೋಗುವುದು. ಬರಿ ಕೊಡ ಇಟ್ಟು ಬಾಗಿಲು ಹಾಕಿದರೆ ಆ ಮನೆಯ ಒಲೆ ಮತ್ತೆ ಹೊತ್ತಿಸುವುದು ಬೇಡ ಅಂದ ಹಾಗೆ. ಭಾವನಿಗೆ ಗಾಡಿಯೂ ಮನೆಯೇ, ಅದರಲ್ಲೂ ಕಾಯಿಲೆಯ ಹೆಂಡತಿ ಇರುವ ಮನೆ.

"ಹ್ವಾಯ್, ಒಂದ್ ಚೆಂಬಾರೂ ಇರ್ಲಿ. ಪೂರಾ ಖಾಲಿ ಬಿಡೂಕಾಗ" ಎಂದು ಅವರು ಪ್ರತಿವರ್ಷ ಹೇಳುವುದು.

"ನೀವ್ ಚೆಂಬ್ ಹಿಡ್ಕಂಡ್ ಗಾಡಿ ಹತ್ರ ಬಂದ್ರೆ ಕಾಣಿ ಮತ್ತೆ" ಎಂದು ಅಕ್ಕ ಪ್ರತಿವರ್ಷ ಗದರುವುದು. ನಾನು ಗಾಳಿ ಹೊಡೆಯುತ್ತಾ ನಗುತ್ತಿದ್ದೆ.

ಗಾಡಿ ಇದ್ದ ಕಡೆಯ ವರ್ಷ ಅಕ್ಕನ ಮನಸ್ಸಿನಲ್ಲಿದ್ದದ್ದು ಹಿಮ. ಮಳೆ ಮುಗಿದ ಮೇಲೆ ಮನಾಲಿ ತನಕ ಹೋಗಿ ಹಿಮ ಮುಟ್ಟಿ ಬರಬೇಕು. ಆ ಚಳಿಗೆ ಪೈಪಿನ ನೀರು ಏನಾಗುತ್ತದೆ ಎಂದು ನನ್ನನ್ನು ಕೇಳಿದರು. ಫ್ರಿಜ್ಜಿನ ಐಸು ಬಿಟ್ಟರೆ ಬೇರೆ ಐಸು ಕಾಣದ ನಾನು ಏನು ಹೇಳಲಿ? ಆ ಕಡೆ ಓಡಾಡುವ ಲಾರಿ ಡ್ರೈವರುಗಳಿಗೆ ತಾವೇ ಫೋನು ಮಾಡಿದರು, ಹೋಟೆಲಿನ ಹಿಂದಿಯಲ್ಲಿ. ಮರುದಿನ ಅಂಗಡಿಗೆ ಬಂದವರ ಮುಖ ಅರಳಿತ್ತು.

"ಕೇಂಡ್ಯಾ ತಮ್ಮ? ನೀರ್ ಗಟ್ಟಿಯಾರೆ ಪೈಪೇ ಒಡಿತ್ತಂಬ್ರ್. ನಿಲ್ಸೂವತ್ತಿಗೆ ಅಲ್ಲೂ ಖಾಲಿ ಮಾಡ್ಕಂಬ್ರ್! ಬಾವನ್ ಹತ್ರ ಹೇಳ್, ಹಿಮದವ್ರೂ ನನ್ ಪಾರ್ಟಿ ಅಂದ್ಹೇಳಿ."

ಮಳೆ ನಿಂತ ಮೇಲೆ ದೂರ ಹೋಗುವ ಮೊದಲು ಒಂದು ಪರೀಕ್ಷೆಯ ಓಟ ಇರುತ್ತಿತ್ತು, ಬೀಜಾಡಿಯಿಂದ ಬೈಂದೂರಿನ ಒತ್ತಿನೆಣೆ ಗುಡ್ಡದ ತನಕ. ಅಲ್ಲಿ ಗಾಡಿ ನಿಲ್ಲಿಸಿ ಒಂದು ಸಲ ಚೀಲ ಬದಲಿಸಿಕೊಂಡು ಬರುವುದು. ಆ ವರ್ಷ ಹೊಸ ಪಂಪು ಹಾಕಿದ್ದರಿಂದ ನನ್ನನ್ನೂ ಕರೆದರು. ಹೊರಡುವ ಮುಂಚೆ ನನ್ನೆದುರೇ ಟಾಂಕಿಗೆ ಕೈ ಇಳಿಸಿ ಸವರಿದರು. ಬೆರಳು ಒಣಗಿಯೇ ಮೇಲೆ ಬಂತು. ಒಣಗಿದ್ದರಲ್ಲಿ ಏನೂ ಬೆಳೆಯುವುದಿಲ್ಲ ಎಂದು ಬ್ಲೀಚಿಂಗ್ ಇಲ್ಲದೆ ಒಂದು ಸಲ ತೊಳೆದು, ಕುದಿಸಿ ಆರಿಸಿದ ನೀರು ತುಂಬಿಸಿದರು. ದಾರಿಯಲ್ಲಿ ಉಪ್ಪುಂದ ದಾಟುವಾಗ ಸ್ವೆಟರು ಎಲ್ಲಿ ಕೊಳ್ಳುವುದೆಂದು ಗಂಡ ಹೆಂಡತಿ ಜಗಳ ಆಡುತ್ತಿದ್ದರು.

ಒತ್ತಿನೆಣೆಯಲ್ಲಿ ಕಿಟಕಿ ಹಾಕಿಸಿದರು, ಫ್ಯಾನು ನಿಲ್ಲಿಸಿದರು. ಚೀಲ ಬದಲಿಸುವಾಗ ಗಾಳಿ ಆಡಬಾರದು, ಯಾರೂ ಮಾತಾಡಬಾರದು. ನಾನು ಮುಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತೆ. ಅಕ್ಕ ನಲ್ಲಿ ತೆರೆದರು. ಸೋಪು ಹಾಕಿ ಬೆರಳ ಸಂದು, ಉಗುರು, ಮಣಿಕಟ್ಟು ಎಂದು ತಿಕ್ಕಿ ತಿಕ್ಕಿ ತೊಳೆದರು. ಒರೆಸಿಕೊಂಡರು. ಟ್ಯೂಬಿನ ಮುಚ್ಚಳ ತೆಗೆದು ಚೀಲಕ್ಕೆ ಸೇರಿಸಿದರು. ಎಲ್ಲ ಸರಿಯಾಗಿತ್ತು. ಭಾವ ಸಮಾಧಾನದಿಂದ ಎದ್ದು ಚಹಾದ ಲೋಟ ತೊಳೆಯಲು ಅದೇ ನಲ್ಲಿ ತಿರುಗಿಸಿದರು. ನಲ್ಲಿ ಒಮ್ಮೆ ಕೆಮ್ಮಿತು. ನೀರು ನಿಂತು, ಮತ್ತೆ ಬಂದು, ಅದರೊಂದಿಗೆ ಕಂದುಬಣ್ಣದ ಲೋಳೆಯ ಒಂದು ಮುದ್ದೆ ಸಿಂಕಿಗೆ ಬಿತ್ತು.

"ಎಂತ ಅದ್?" ಎಂದರು ಅಕ್ಕ. ಹೊಟ್ಟೆಯಿಂದ ನೀರು ಇಳಿಯುತ್ತಿತ್ತು, ಏಳುವಂತಿರಲಿಲ್ಲ.

"ಎಂತ ಇಲ್ಲೆ. ಕಸ" ಎಂದರು ಭಾವ.

"ಇಲ್ ತನ್ನಿ."

ಭಾವ ಅಂಗೈಯಲ್ಲಿ ತಂದು ಹಿಡಿದರು. ಅಕ್ಕ ಬಗ್ಗಿ ಮೂಸಿದರು. "ತಮ್ಮ, ಪಂಪಿನ ಜಾಳಿ ಬಿಚ್ಚ್" ಎಂದರು. ಬಿಚ್ಚಿದೆ. ಜಾಳಿಯ ತುಂಬ ಅದೇ ಲೋಳೆ. ನಾನು ಗಾಡಿಯಡಿಗೆ ನುಸುಳಿ ನೀರು ತುಂಬಿಸುವ ದಪ್ಪ ಪೈಪಿನ ಕ್ಲಿಪ್ಪು ಸಡಿಲಿಸಿದೆ. ಜೋತುಬಿದ್ದ ಜಾಗದಿಂದ ಕೆಸರಿನಂಥ ಕಪ್ಪು ಗಸಿ ಕೈಮೇಲೆ ಸುರಿಯಿತು. ನಾರುತ್ತಿತ್ತು. ನಾಲ್ಕು ತಿಂಗಳ ಹಿಂದೆ ಅದೇ ಪೈಪಿಗೆ ನಾನೇ ಎರಡು ಸಲ ಗಾಳಿ ಹೊಡೆದಿದ್ದೆ. ಒಣಗಿ ಶಂಖದ ಹಾಗೆ ಸದ್ದು ಮಾಡಿತ್ತು. ಅದರ ಮೇಲೆ ಯಾರೋ ಬದಿಯ ಮುಚ್ಚಳ ತೆಗೆದು ನೀರು ಹೊಯ್ದಿದ್ದಾರೆ. ಹೊಯ್ದದ್ದು ಟಾಂಕಿಗೆ ಮುಟ್ಟದೆ ನಡುವೆಯೇ ನಿಂತುಬಿಟ್ಟಿದೆ. ಮೇಲೆ ಬಂದು ಕಂಡದ್ದನ್ನು ಹೇಳಿದೆ. ಯಾರು ಎಂದು ಹೇಳಲಿಲ್ಲ. ಭಾವ ಹೊರಗೆ ಸಮುದ್ರದ ಕಡೆ ನೋಡುತ್ತಿದ್ದರು. ಅಕ್ಕ ಅವರ ಬೆನ್ನನ್ನು ಒಂದು ಸಲ ನೋಡಿ, "ಹೋಪ. ದಾರಿಯಂಗೆ ಆಸ್ಪತ್ರಿಗ್ ಫೋನ್ ಮಾಡ್ತೆ" ಎಂದರು. ಅಷ್ಟೇ. ಅಷ್ಟು ದಿನದಲ್ಲಿ ಅವರು ಬೈಯದೆ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಸ್ಪತ್ರೆಯವರು ಮುಂಜಾಗ್ರತೆಗೆ ಮದ್ದು ಕೊಟ್ಟು, ಹೊಟ್ಟೆಯಿಂದ ಬರುವ ನೀರು ತಿಳಿಯಾಗಿದೆಯೇ ನೋಡುತ್ತಿರಿ, ಕದಡಿದರೆ ಓಡಿ ಬನ್ನಿ ಎಂದರು. ನೋಡುವ ಕ್ರಮ ಸುಲಭ. ತುಂಬಿದ ಚೀಲವನ್ನು ಪೇಪರಿನ ಮೇಲೆ ಇಡುವುದು. ಅದರ ಮೂಲಕ ಅಕ್ಷರ ಓದಲು ಬಂದರೆ ಸರಿ. ನನಗೆ ಅಂಗಡಿಯಲ್ಲಿ ಕೂರಲಾಗದೆ ಮರುದಿನ ಬೀಜಾಡಿಗೆ ಹೋದೆ. ಮೇಜಿನ ಮೇಲೆ ಪೇಪರು, ಅದರ ಮೇಲೆ ಚೀಲ, ಭಾವ ಕನ್ನಡಕ ಹಾಕಿ ಬಗ್ಗಿ ಜೋರಾಗಿ ತಲೆಬರಹ ಓದುತ್ತಿದ್ದರು. ಅಕ್ಷರ ನನಗೂ ಕಂಡಿತು. ಎಲ್ಲರೂ ಉಸಿರುಬಿಟ್ಟೆವು. ಅದರ ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಭಾವ ಅದೇ ಹುರುಪಿನಲ್ಲಿ ಓದುತ್ತಿದ್ದರು. ಬಗ್ಗಿ ನೋಡಿದರೆ ನನಗೆ ಅಕ್ಷರವೇ ಇಲ್ಲ, ಅಕ್ಕಿ ತೊಳೆದ ನೀರಿನಂಥ ಬಿಳುಪು.

ಅಕ್ಕ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದರು. "ಬಾಯ್‌ಪಾಠ ಓದ್ಬೇಡಿ. ಪೇಪರ್ ನಿನ್ನಿದ್" ಎಂದರು, ಮೆಲ್ಲಗೆ.

ಉಡುಪಿಯ ಕಡೆಯ ಆಸ್ಪತ್ರೆಗೆ ಸೇರಿಸಿದೆವು. ಜ್ವರ, ವಾಂತಿ, ಕೈ ಮುಟ್ಟಿಸಲಾಗದಷ್ಟು ಹೊಟ್ಟೆನೋವು. ಹೊಕ್ಕಿರುವುದು ನಿಂತ ನೀರಿನಲ್ಲಿ ಬೆಳೆಯುವ ಜಾತಿಯ ರೋಗಾಣು, ಸುಲಭಕ್ಕೆ ಬಗ್ಗುವುದಿಲ್ಲ, ಟ್ಯೂಬು ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಭಾವ ನನ್ನನ್ನು ವಾರ್ಡಿನ ಹೊರಗೆ ಎಳೆದುಕೊಂಡು ಹೋದರು. ಲಾರಿ ಓಡಿಸಿದ ಆ ದೊಡ್ಡ ಕೈ ನನ್ನ ತೋಳು ಬಿಡಲಿಲ್ಲ.

"ಹ್ವಾಯ್, ನಾನ್ ಒಂದ್ ಚೆಂಬ್ ನೀರ್ ಹೊಯ್ದಿದ್ದೆ. ನೀನ್ ಗಾಳಿ ಹೊಡ್ದ್ ಹೋದ್ ದಿನ. ಒಂದೇ ಚೆಂಬ್. ಬರಿ ಗಾಡಿ ನಿಲ್ಸಿರೆ ಅವ್ಳಿಗೆ ಎಂತಾರೂ ಆತ್ತ್ ಅಂದ್ಹೇಳಿ ಹೆದ್ರಿಕಿ ಆಯ್ತ್. ಅದ್ರಿಂದ್ಲೇ ಆದ್ದಾ? ನೀನ್ ಸತ್ಯ ಹೇಳ್."

ಡಾಕ್ಟರು ಕರೆಯುತ್ತಿದ್ದಾರೆಂದು ನೆವ ಹೇಳಿ ಒಳಗೆ ಬಂದೆ. ಅಕ್ಕ ಕಣ್ಣು ತೆರೆದೇ ಇದ್ದರು.

"ಕೇಂಡ್ರಾ ನಿನ್ ಹತ್ರ?"

"ಹೌದಕ್ಕ."

"ಎಂತ ಹೇಳ್ದೆ?"

"ಎಂತ ಹೇಳ್ಲಿಲ್ಲೆ."

ಅವರು ಸೂಜಿ ಚುಚ್ಚಿದ್ದ ಕೈಯಿಂದಲೇ ನನ್ನ ಮುಂಗೈ ಹಿಡಿದರು. "ಕೇಣ್ ತಮ್ಮ. ಅವ್ರಿಗೆ ಇದ್ ಗೊತ್ತಾರೆ, ಇನ್ ಮೇಲೆ ನಂಗೆ ಒಂದ್ ಲೋಟ ಗಂಜಿ ಕೊಡೂಕೂ ಹೆದ್ರತ್ರ್. ಹೆದ್ರುವ ಗಂಡ್ಸಿನ ಒಟ್ಟಿಗೆ ನಾನ್ ಹ್ಯಾಂಗ್ ಇಪ್ಪುದ್? ಕರಿ ಅವ್ರನ್ನ. ನಾನ್ ಹೇಳ್ದದ್ದಕ್ಕೆ ನೀನ್ ಹೌದ್ ಅನ್. ಅಷ್ಟ್ ಸಾಕ್."

ಭಾವ ಬಂದು ಕಾಲಬದಿಯಲ್ಲಿ ನಿಂತರು. ಅಕ್ಕನಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಆದರೂ ಸ್ವರ ಗಟ್ಟಿ ಮಾಡಿಕೊಂಡರು. "ನೀವ್ ಹೊಯ್ದ ಚೆಂಬ್ ನೀರ್ ನಾನ್ ಮರ್ದಿನವೇ ಕಂಡಿದೆ. ಬಿಟ್ಟ್ ತೆಗ್ದಿದೆ. ಟಾಂಕಿ ಒಣಗಿದ್ದ್ ನೀವೇ ಕಂಡಿರಲ್ದಾ? ಆಮೇಲ್ ಒಂದ್ಸಲ ತೊಳೂವ ಅಂದ್ಹೇಳಿ ನಾನೇ ಆ ಪೈಪಿಗೆ ನೀರ್ ಬಿಟ್ಟೆ. ಗಾಳಿ ಹೊಡ್ಸೂಕೆ ಇವ್ನನ್ನ ಕರೂದ್ ಮರ್ತೇ ಹೋಯ್ತ್. ನನ್ದೇ ತಪ್ಪ್."

ಭಾವ ನನ್ನ ಕಡೆ ತಿರುಗಿದರು. "ಹೌದಾ?"

ಅಂಥ ಹೆದರಿಕೆಯ ಕಣ್ಣನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ. "ಹೌದ್ ಬಾವ. ಅಕ್ಕ ನಿನ್ನೆ ನನ್ನತ್ರ ಹೇಳಿರ್. ಒಂದ್ ಚೆಂಬ್ ನೀರಿಂದ ಅಷ್ಟೆಲ್ಲ ಆತಿಲ್ಲೆ" ಎಂದೆ.

ಅವರ ಹೆಗಲು ಇಳಿಯಿತು. ಆಮೇಲೆ ಎಲ್ಲಿತ್ತೋ ಆ ಸಿಟ್ಟು, ವಾರ್ಡಿಗೆ ವಾರ್ಡೇ ತಿರುಗಿ ನೋಡುವಂತೆ ಕೂಗಿದರು. "ಊರಿಗೆಲ್ಲ ಬುದ್ಧಿ ಹೇಳ್ತೆ! ನಂಗೆ ಒಂದ್ ಚೆಂಬ್ ಹಿಡೂಕ್ ಬಿಡೂದಿಲ್ಲೆ! ಕಡಿಕ್ ನೀನೇ ಮರ್ತ್ಯಾ? ನಿನ್ ಮಂಡೆ ಎಲ್ಲಿತ್ತ್?" ಕೂಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು. ನರ್ಸು ಓಡಿ ಬಂದು ಸುಮ್ಮನಿರಿ ಎಂದಳು. ಅಕ್ಕ ಮಾತ್ರ ತಲೆ ತಗ್ಗಿಸಿ, ಬೈಗುಳವನ್ನೆಲ್ಲ ಮಡಿಲಿಗೆ ಹಾಕಿಸಿಕೊಂಡರು.

ಟ್ಯೂಬು ತೆಗೆದರು. ಅಕ್ಕ ಬದುಕಿದರು. ವಾರಕ್ಕೆ ಮೂರು ದಿನ ಯಂತ್ರ, ಅವರಿಗೆ ಬೇಡವಾಗಿದ್ದ ಅದೇ ಗೋಡೆ. ಹಿಮ ಕಾಣಲಿಲ್ಲ. ಗಾಡಿಯನ್ನು ಮಾರಿಬಿಟ್ಟರು. ಭಾವ ಮಾತ್ರ ಮೊದಲಿನ ಹಾಗೇ ಇದ್ದರು. ಗಂಜಿ ಬೇಯಿಸಿ ಕೊಡುವರು, ಮಾತ್ರೆ ಕೊಡುವರು, ಅಳತೆಯ ನೀರು ಕೊಡುವರು, ಯಾವುದಕ್ಕೂ ಕೈ ನಡುಗಲಿಲ್ಲ. ಮದುವೆ ಮನೆಯಿರಲಿ, ಬಸ್‌ಸ್ಟ್ಯಾಂಡಿರಲಿ, ಸಿಕ್ಕಿದವರಿಗೆಲ್ಲ ಕತೆ ಹೇಳುವರು: "ಎಂತಾ ಶಿಸ್ತ್ ಇವ್ಳದ್! ಕಡಿಕ್ ಕಾಣಿ, ಇವ್ಳೇ ಮರ್ತದ್ದ್!" ಪಕ್ಕದಲ್ಲೇ ಕೂತ ಅಕ್ಕ, "ಹೌದ್ ಮಾರಾಯ್ರೆ, ಮಂಡೆ ಕೆಟ್ಟಿತ್ತ್" ಎಂದು ನಗುವರು. ನನಗೆ ಕೇಳಿ ಕೇಳಿ ಮೈ ಉರಿಯುತ್ತಿತ್ತು. ವಾಷರ್ ತಪ್ಪಿದರೆ ಬಿಡದ ಹೆಂಗಸು ಇಷ್ಟು ದೊಡ್ಡ ಸುಳ್ಳು ಅಪವಾದವನ್ನು ವರ್ಷಗಟ್ಟಲೆ ನಗುತ್ತಾ ಹೊತ್ತರು.

ಎರಡು ವರ್ಷದ ಹಿಂದೆ ಭಾವ ಹೃದಯಾಘಾತದಲ್ಲಿ ಹೋದರು. ಆಮೇಲೆ ಯಂತ್ರದ ದಿನ ಆಗಾಗ ನಾನೇ ಅಕ್ಕನನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದೆ. ಒಂದು ಸಲ ಬ್ರಹ್ಮಾವರ ದಾಟಿದ ಮೇಲೆ ತಡೆಯಲಾರದೆ ಅಂದೆ, "ಅಕ್ಕ, ಈಗಾರೂ ಸತ್ಯ ಹೇಳ್ಲಕ್ಕಲ್ದಾ? ಊರವ್ರೆಲ್ಲ ಇನ್ನೂ ನೀವೇ ಮರ್ತದ್ದ್ ಅಂತ್ರ್. ನಂಗೆ ಕೇಂಬುಕೆ ಆತಿಲ್ಲೆ."

ಸಾಲಿಗ್ರಾಮ ಹೋಯಿತು, ಕೋಟ ಹೋಯಿತು. ಅಕ್ಕ ಬ್ಯಾಂಡೇಜು ಸುತ್ತಿದ ತೋಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಊರವ್ರ್ ಎಂತ ಬೇಕಾರೂ ಅನ್ಲಿ ತಮ್ಮ" ಎಂದರು ಕಡೆಗೆ. "ನಿನ್ ಬಾವ ದಿನಾ ಬೈತಿದ್ರ್. ಬೈದದ್ದ್ ಕೇಂಡ್ರೆ, ಇವತ್ತೂ ಇವ್ರಿಗೆ ಗೊತ್ತಾಯ್ಲಿಲ್ಲೆ ಅಂದ್ಹೇಳಿ ನಂಗೆ ನಿದ್ರಿ ಬತ್ತಿದ್ದಿತ್ತ್. ಈಗ ಬೈಯೂಕೆ ಅವ್ರೇ ಇಲ್ಲೆ."